ಬೀಜ, ಹೊಲ, ಉಪ್ಪುನೀರು

ಬೀಜ ಮೇಲೋ, ಕ್ಷೇತ್ರ ಮೇಲೋ ಎಂಬುದು ನಮ್ಮ ಧರ್ಮಶಾಸ್ತ್ರಗಳ ಹಳೆಯ ತಕರಾರು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಮೂರು ಪಕ್ಷಗಳನ್ನು ಮುಂದಿಡುತ್ತದೆ: ಕೆಲವರು ಬೀಜವನ್ನು ಹೊಗಳುತ್ತಾರೆ, ಕೆಲವರು ಕ್ಷೇತ್ರವನ್ನು, ಇನ್ನು ಕೆಲವರು ಎರಡನ್ನೂ. ಮಾತು ಬೇಸಾಯದ್ದಾದರೂ ಗುರಿ ಬೇರೆ. ಹುಟ್ಟಿದ ಮಗು ಯಾರದು, ಅದಕ್ಕೆ ಸಲ್ಲುವ ಸ್ಥಾನ ಯಾವುದು ಎಂದು ತೀರ್ಮಾನಿಸಲು ಹೆಣ್ಣನ್ನು ಹೊಲವೆಂದೂ ಗಂಡನ್ನು ಬೀಜವೆಂದೂ ಕರೆದರು. ಹುಟ್ಟಿನಲ್ಲೇ ಯೋಗ್ಯತೆ ಅಡಗಿದೆ ಎಂಬ ನಂಬಿಕೆಗೆ ಈ ಹೋಲಿಕೆ ಬಲ ತುಂಬಿತು. ಹೋಲಿಕೆಗೆ ಬಳಸಿಕೊಂಡ ಹೊಲವನ್ನೇ ಸಾಕ್ಷಿಗೆ ಕರೆದರೆ ಅದು ಹೇಳುವುದು ಬೇರೆ.

ಹರಿಯಾಣ, ಪಂಜಾಬ್, ರಾಜಸ್ಥಾನಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಕ್ಷಾರ. ಅದರಲ್ಲಿ ಸೋಡಿಯಂ ಹೆಚ್ಚು, ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಇಂಥ ನೀರು ಹಾಯಿಸುತ್ತ ಹೋದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಡಿಯಲ್ಲಿ ಕದಡಿದ ನೀರು ನಿಂತೇ ಇರುತ್ತದೆ, ಒಂದು ಗೇಣು ಕೆಳಗೆ ಬೇರಿಗೆ ತೇವವಿಲ್ಲ. ಬಿಸಿಲು ಬಿದ್ದರೆ ಮೇಲ್ಪದರ ಗಟ್ಟಿಕಟ್ಟುತ್ತದೆ. ಅದನ್ನು ಸೀಳಲಾರದೆ ಈರುಳ್ಳಿಯ ಎಳೆ ಮೊಳಕೆ ಒಳಗೇ ಮುರುಟಿಕೊಳ್ಳುತ್ತದೆ. ಬಿತ್ತಿದ್ದು ಒಳ್ಳೆಯ ಬೀಜವೇ!

ಬೀಜಕ್ಕೆಂದು ಬೆಳೆಯುವವರ ಕಷ್ಟ ಇನ್ನೂ ದೊಡ್ಡದು. ಅಡುಗೆಗೆ ಬೆಳೆದ ಮೂಲಂಗಿಯನ್ನು ಒಂದೂವರೆ ತಿಂಗಳಿಗೆ ಕೀಳಬಹುದು. ಬೀಜಕ್ಕೆ ಬಿಟ್ಟ ಮೂಲಂಗಿ ಹೂವಾಗಿ, ಕಾಯಾಗಿ, ಕಾಯಿ ಒಣಗುವ ತನಕ ತಿಂಗಳುಗಟ್ಟಲೆ ಹೊಲದಲ್ಲಿರಬೇಕು, ಅಷ್ಟು ದಿನವೂ ಅದೇ ನೀರನ್ನು ಕುಡಿಯಬೇಕು. ಎಲ್ಲ ತರಕಾರಿಗೂ ಒಂದೇ ತಾಳಿಕೆಯಿಲ್ಲ: ಬೀಟ್‌ರೂಟ್ ಉಪ್ಪನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಟೊಮ್ಯಾಟೊ ಮಧ್ಯಮ, ಬೀನ್ಸ್ ಮತ್ತು ಕ್ಯಾರೆಟ್ ಬೇಗ ಸೋಲುತ್ತವೆ.

ಕ್ಷಾರ ನೀರಿಗೆ ಮದ್ದು ಜಿಪ್ಸಂ, ರಾಜಸ್ಥಾನದ ಗಣಿಗಳಿಂದ ಬರುವ ಅಗ್ಗದ ಖನಿಜ. ಅದರ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟ್ ರೂಪದಲ್ಲಿ ಬಸಿದುಹೋಗುತ್ತದೆ. ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಹಾಕುವಂತಿಲ್ಲ. ನೀರಿನ ಪರೀಕ್ಷೆಯಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ ಕಳೆದು ಉಳಿಯುವ ಕಾರ್ಬೊನೇಟ್, ಬೈಕಾರ್ಬೊನೇಟ್) ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದರೆ ಆ ನೀರು ಅಪಾಯದ್ದು. ಒಂದು ಹೆಕ್ಟೇರಿಗೆ 7.5 ಸೆಂಟಿಮೀಟರ್ ನೀರು ಕೊಡುವಾಗ, ಅದರ ಒಂದೊಂದು ಮಿಲಿ ಈಕ್ವಿವಲೆಂಟನ್ನು ತಣಿಸಲು ಸುಮಾರು 65 ಕಿಲೋ ಶುದ್ಧ ಜಿಪ್ಸಂ ಬೇಕಾಗುತ್ತದೆ. ಜೊತೆಗೆ ಕೊಟ್ಟಿಗೆ ಗೊಬ್ಬರವೋ ಡಯಾಂಚದ ಹಸಿರೆಲೆ ಗೊಬ್ಬರವೋ ಸೇರಿದರೆ, ಅದು ಕೊಳೆಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲೇ ಇರುವ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಒದಗಿಸುತ್ತದೆ. ಆದರೆ ಕ್ಷಾರವಲ್ಲದ, ಬರೀ ಉಪ್ಪಿನ ನೀರಿಗೆ ಜಿಪ್ಸಂ ಮದ್ದಲ್ಲ. ಅಲ್ಲಿ ಬೇಕಾದ್ದು ಉಪ್ಪು ತೊಳೆಯಲು ಸಿಹಿನೀರು, ತೊಳೆದದ್ದು ಹರಿದುಹೋಗಲು ಬಸಿಗಾಲುವೆ. 1969ರಲ್ಲಿ ಆರಂಭವಾದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇಂಥ ನೆಲಗಳಿಗಾಗಿಯೇ ಕೆಲಸ ಮಾಡುತ್ತ ಬಂದಿದೆ. ಕೆಟ್ಟದ್ದೆಂದು ಕೈಬಿಟ್ಟ ಭೂಮಿ ಮತ್ತೆ ಬೆಳೆ ಕೊಟ್ಟಿದೆ.

ಹಾಗಾದರೆ ಬೀಜ ಮೇಲೋ, ಹೊಲ ಮೇಲೋ? ತಳಿಯ ಗುಣ ಬೀಜದಿಂದ ಬರುತ್ತದೆ, ಅದನ್ನು ಯಾವ ಜಿಪ್ಸಮ್ಮೂ ಬದಲಿಸದು. ಆದರೆ ಕಾಳು ತುಂಬುವುದು, ಮೊಳೆಯುವ ಕಸುವು ಬರುವುದು ತಾಯಿಗಿಡ ನಿಂತ ನೆಲದಿಂದ, ಅದು ಕುಡಿದ ನೀರಿನಿಂದ. ಮನುಸ್ಮೃತಿಯ ಆ ಮೂರು ಪಕ್ಷಗಳಲ್ಲಿ ನೀರಿಗೆ ಜಾಗವಿಲ್ಲ. ಬುದ್ಧ ಅದನ್ನು ಮರೆಯಲಿಲ್ಲ. ಅಂಗುತ್ತರ ನಿಕಾಯದ ಒಂದು ಸುತ್ತದಲ್ಲಿ ಆತ ಶಿಷ್ಯ ಆನಂದನಿಗೆ ಕರ್ಮವನ್ನು ಹೊಲವೆಂದೂ ವಿಜ್ಞಾನವನ್ನು, ಅಂದರೆ ಅರಿವನ್ನು, ಬೀಜವೆಂದೂ ತೃಷ್ಣೆಯನ್ನು ತೇವವೆಂದೂ ವಿವರಿಸುತ್ತಾನೆ. ಯಾವುದೂ ತಾನೊಂದೇ ಮೊಳೆಯದು, ಕಾರಣಗಳು ಕೂಡಿಬರಬೇಕು. ಒಂದು ಕಾರಣವನ್ನು ಬದಲಿಸಿದರೆ ಫಲವೂ ಬದಲಾಗುತ್ತದೆ ಎಂಬುದಕ್ಕೆ ಜಿಪ್ಸಂ ಹಾಕಿದ ಮಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದು ನ್ಯಾಯದ ಪ್ರಶ್ನೆಯೂ ಹೌದು. ಪ್ರಮಾಣಿತ ಬೀಜವಾಗಲು ಟೊಮ್ಯಾಟೊ, ಈರುಳ್ಳಿ ಕನಿಷ್ಠ ಶೇ. 70, ಮೆಣಸಿನಕಾಯಿ ಶೇ. 60 ಮೊಳೆಯಬೇಕು. ಪ್ರಯೋಗಾಲಯದಲ್ಲಿ 400 ಬೀಜ ಎಣಿಸಿ ಮೊಳಕೆಗಿಟ್ಟು ತೀರ್ಪು ಕೊಡುತ್ತಾರೆ. ನಮ್ಮ ರಾಣೆಬೆನ್ನೂರು ಸೀಮೆಯ ಹೆಣ್ಣುಮಕ್ಕಳು ಟೊಮ್ಯಾಟೊ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ, ಕೇಸರ ಕಿತ್ತು, ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಕಟ್ಟಿಸುತ್ತಾರೆ. ಬೆಳೆದದ್ದು ತೇರ್ಗಡೆಯಾಗದಿದ್ದರೆ ನಷ್ಟ ಸಾಮಾನ್ಯವಾಗಿ ಬೆಳೆಗಾರರದೇ. ಬೀಜವನ್ನಷ್ಟೇ ನೋಡಿ, ಅದು ಯಾವ ನೀರಿನಲ್ಲಿ ಬೆಳೆಯಿತೆಂದು ಕೇಳದೆ ತಿರಸ್ಕರಿಸುವುದು ಹಳೆಯ ಬೀಜವಾದದ ಹೊಸ ರೂಪವೇ. ಬೀಜ ಬೆಳೆಸುವ ಕಂಪನಿಗಳು ಕರಾರಿಗೆ ಮೊದಲೇ ಬಾವಿಯ ನೀರು ಪರೀಕ್ಷಿಸಬೇಕು, ಜಿಪ್ಸಂ ಮತ್ತು ಗೊಬ್ಬರದ ಖರ್ಚಿನಲ್ಲಿ ಪಾಲು ಹೊರಬೇಕು.