ಒಳ್ಳೇದು ಮಾಡಿಸೋದು ಹೆಂಗ?

ಮಂದಿಯ ಕೈಲಿ ಒಳ್ಳೇ ಕೆಲಸ ಮಾಡಿಸಬೇಕಾದರೆ ದಂಡ ಹಾಕಬೇಕೋ, ಬಹುಮಾನ ಕೊಡಬೇಕೋ, ಇಲ್ಲಾ ನಾಲ್ಕು ಜನರ ಮುಂದೆ ನಾಚಿಸಬೇಕೋ? ಶಾಲೆಯ ಮಾಸ್ತರನಾಗಿ ಈ ಮೂರನ್ನೂ ಮಾಡಿ ನೋಡಿದವನು ನಾನು. ಆದರೆ ಈ ಪ್ರಶ್ನೆ ನನ್ನನ್ನು ನಿಜವಾಗಿ ಚುಚ್ಚಿದ್ದು ಶಾಲೆಯ ಹೊರಗೆ, ಒಂದು ನಸುಕಿನಲ್ಲಿ.

2000–01ರಲ್ಲಿ ಮಹಾರಾಷ್ಟ್ರ ಸರಕಾರ ಸಂತ ಗಾಡಗೆ ಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ ಶುರು ಮಾಡಿತು. ಊರೂರಿನ ನಡುವೆ ಸ್ಪರ್ಧೆ, ಗೆದ್ದ ಊರಿಗೆ ಬಹುಮಾನ. ಜನ ತಾವಾಗಿಯೇ ಕಸಬರಿಗೆ ಹಿಡಿದು ಬೀದಿಗಿಳಿದರು. ಅದು ಚೆಂದದ ಕೆಲಸ. ಮುಂದೆ ಬಯಲಿಗೆ ಹೋಗುವವರನ್ನು ತಡೆಯಲಿಕ್ಕೆ ‘ಗುಡ್ ಮಾರ್ನಿಂಗ್ ಪಥಕ’ಗಳು ಬಂದವು. ನಸುಕಿನಲ್ಲಿ ಟಾರ್ಚ್, ಸೀಟಿ ಹಿಡಿದು ಹೋಗುವುದು, ತಂಬಿಗೆ ಹಿಡಿದವರಿಗೆ ಹೂವು ಕೊಟ್ಟು ನಾಚಿಸುವುದು. ನಮ್ಮೂರ ಪಥಕದಲ್ಲಿ ನಾನೂ ಇದ್ದೆ.

ಒಂದು ದಿನ ನನ್ನ ಟಾರ್ಚಿನ ಬೆಳಕು ಒಬ್ಬ ಮುದುಕಿಯ ಮೇಲೆ ಬಿತ್ತು. ಆಕೆಯ ಮೊಮ್ಮಗ ನನ್ನ ವರ್ಗದಲ್ಲೇ ಕಲಿಯುತ್ತಿದ್ದ. ಹುಡುಗರು ಸೀಟಿ ಊದಿದರು, ನಾನು ಹೂವು ಕೊಟ್ಟೆ. ಆಕೆ ತೊಗೊಳ್ಳಲಿಲ್ಲ.

“ಮಾಸ್ತರ, ನಿಮ್ಮ ಮನ್ಯಾಗ ನಳ ಅದ. ನಾ ಬಾವಿಯಿಂದ ಹೊತ್ತು ತರ್ತೀನಿ. ಆ ನೀರು ಕುಡೀಲೋ, ಸಂಡಾಸಿಗೆ ಸುರೀಲೋ? ನೀವೇ ಹೇಳ್ರಿ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದ ಆಯಿ ಆ ಹಾದಿಯಲ್ಲಿ ಕಾಣಲಿಲ್ಲ. ನಾವು ಗೆದ್ದೆವು ಅಂದುಕೊಂಡೆವು. ಆಮೇಲೆ ತಿಳಿಯಿತು: ಆಕೆ ಇನ್ನೂ ಕತ್ತಲಿರುವಾಗಲೇ ಎದ್ದು, ಒಬ್ಬಳೇ ಹಳ್ಳದ ಕಡೆ ಹೋಗುತ್ತಿದ್ದಳು. ನಾವು ಬದಲಾಯಿಸಿದ್ದು ಆಕೆಯ ರೂಢಿಯನ್ನಲ್ಲ, ಆಕೆ ಏಳುವ ಹೊತ್ತನ್ನು.

ಜನರ ನಡತೆಯನ್ನು ಅಭ್ಯಾಸ ಮಾಡುವ ಶಾಸ್ತ್ರವೊಂದು ಈಗ ಬೆಳೆದಿದೆ. ಇಸ್ರೇಲಿನ ಹೈಫಾದ 10 ಬಾಲವಾಡಿಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲ 2000ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ಪಾಲಕರು ತಡ ಮಾಡುತ್ತಿದ್ದರು. ಅದಕ್ಕೆ 6 ಬಾಲವಾಡಿಗಳಲ್ಲಿ ದಂಡ ಇಟ್ಟರು. ಅಲ್ಲಿ ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು “ಪಾಪ, ಬಾಯಿ ಕಾಯ್ತಿರ್ತಾರ” ಅನ್ನುವ ಸಂಕೋಚವಿತ್ತು. ದಂಡ ಬಂದ ಮೇಲೆ ರೊಕ್ಕ ಕೊಟ್ಟೀವಲ್ಲ ಅನ್ನುವ ಧೈರ್ಯ ಬಂತು. ದಂಡ ತೆಗೆದ ಮೇಲೂ ಹೋದ ಸಂಕೋಚ ತಿರುಗಿ ಬರಲಿಲ್ಲ. ನಾನೂ ಒಂದು ಸಂಕೋಚವನ್ನು ಕಳೆದುಕೊಂಡಿದ್ದೆ. ಹಿರಿಯಳ ಮುಖಕ್ಕೆ ಬೆಳಕು ಬಿಡಬಾರದು ಅನ್ನುವ ಸಂಕೋಚ ಅದು.

ಹಾಗಾದರೆ ನಮ್ಮ ಜನರಲ್ಲಿ ಒಳ್ಳೇತನ ಇಲ್ಲವೋ? 1993ರ ಸೆಪ್ಟೆಂಬರ್ 30ರ ನಸುಕು ನೆನೆಸಿಕೊಳ್ಳಿರಿ. ಕಿಲ್ಲಾರಿ, ಸಾಸ್ತೂರು ನೆಲಕ್ಕೆ ಬಿದ್ದಾಗ ಉಮರ್ಗಾ, ನಿಲಂಗಾ, ಉದಗೀರದ ಕಡೆಯಿಂದ ರೊಟ್ಟಿಯ ಗಂಟು ಕಟ್ಟಿಕೊಂಡು ಜನ ಹೋದರು. ಯಾರೂ ಸೀಟಿ ಊದಿರಲಿಲ್ಲ, ಬಹುಮಾನ ಸಾರಿರಲಿಲ್ಲ. ಮರಾಠಿಯವರೋ ಕನ್ನಡದವರೋ ಎಂದು ಕೇಳಲಿಲ್ಲ. ಬಸವಣ್ಣನ ಕಲ್ಯಾಣ ನಮ್ಮ ಮಗ್ಗುಲಲ್ಲೇ ಇದೆ. ದಾಸೋಹ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಹೇಳುವುದೂ ಇದರ ಹತ್ತಿರದ ಮಾತೇ: ಒಳ್ಳೇ ಹಾದಿಯನ್ನು ಮೊದಲು ಸುಲಭ ಮಾಡಿರಿ. ನಮ್ಮ ದೇಶದ 2018–19ರ ಆರ್ಥಿಕ ಸಮೀಕ್ಷೆಯಲ್ಲೂ ಈ ವಿಚಾರಕ್ಕೆ ಒಂದು ಅಧ್ಯಾಯವೇ ಇದೆ. ಆದರೆ ಜನರನ್ನು ಜಾಣತನದಿಂದ ತಿರುಗಿಸುವುದು ಎಷ್ಟು ಸರಿ ಅನ್ನುವ ಪ್ರಶ್ನೆ ಉಳಿಯುತ್ತದೆ. ನನಗೆ ತಿಳಿದ ಒರೆಗಲ್ಲು ಒಂದೇ. ನಾವು ಮಾಡುತ್ತಿರುವುದನ್ನು ಆ ಮನುಷ್ಯನ ಎದುರು ಕುಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲೆವೋ? ಹೇಳಲಿಕ್ಕೆ ಬಂದರೆ ಅದು ಸಹಾಯ. ಬರದಿದ್ದರೆ ಅದು ಮೋಸ, ಇಲ್ಲವೇ ದಬ್ಬಾಳಿಕೆ.

ಕೆಲವು ವರ್ಷಗಳ ಮೇಲೆ ಆ ಓಣಿಗೆ ನಳ ಬಂತು. ಒಂದೊಂದಾಗಿ ಸಂಡಾಸುಗಳ ಬಾಗಿಲು ತೆರೆದವು, ಒಳಗಿದ್ದ ಕಟ್ಟಿಗೆ ಹೊರಗೆ ಬಂತು. ಆಯಿಯ ಮನೆಯದೂ ತೆರೆಯಿತು. ತಪ್ಪಾಯ್ತು ಅನ್ನಲಿಕ್ಕೆ ನಾನು ಹೋದಾಗ ಆಕೆ “ಚಹಾ ಕುಡೀರಿ ಮಾಸ್ತರ” ಅಂದಳು. ಆ ಮಾತೇ ಎತ್ತಲಿಲ್ಲ.

ನಾಳೆ ನಮ್ಮ ಗ್ರಾಮಸಭೆಯಲ್ಲಿ ಯಾರಿಗಾದರೂ ದಂಡ ಹಾಕೋಣ, ಹೆಸರು ಬೋರ್ಡಿಗೆ ಬರೆಯೋಣ ಎಂಬ ಮಾತು ಬಂದರೆ, ಮೊದಲು ಒಬ್ಬರಾದರೂ ಅವರ ಮನೆಗೆ ಹೋಗಿ ಕೇಳಿರಿ: “ನಿಮಗ ಅಡ್ಡಿ ಏನದ?” ಆ ಮಾತು ಕೇಳಲಿಕ್ಕೆ ನನಗೆ ಒಂದು ನಳ ಬರುವಷ್ಟು ಕಾಲ ಹಿಡಿಯಿತು.