ಶುಭಸಂದೇಶಕ್ಕೆ ಎದ್ದು ನಿಲ್ಲದ ಹುಡುಗಿ



ಕಳೆದ ದೀಪಾವಳಿಯ ಹೊತ್ತಿನ ಒಂದು ಭಾನುವಾರ. ಸಂಜೆಯ ಬಲಿಪೂಜೆಯಲ್ಲಿ ಶುಭಸಂದೇಶ ವಾಚನಕ್ಕೆ ಎಲ್ಲರೂ ಎದ್ದು ನಿಂತರು. ಕೊನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಕುಳಿತೇ ಇದ್ದಳು. ಪಕ್ಕದಲ್ಲಿದ್ದ ಅಜ್ಜಿ ಮೊಣಕೈಯಿಂದ ತಿವಿದ ಮೇಲೆ ಮುಂದಿನ ಬೆಂಚು ಹಿಡಿದುಕೊಂಡು ಎದ್ದಳು. ಪೀಠದಿಂದ ನೋಡುತ್ತಿದ್ದ ನನಗೂ ಸಿಟ್ಟು ಬಂದಿತ್ತು. ಮೂರು ವಾರದಿಂದ ಅವಳು ಗಾನವೃಂದದ ಅಭ್ಯಾಸಕ್ಕೂ ಬಂದಿರಲಿಲ್ಲ. ಪೂಜೆ ಮುಗಿದ ಮೇಲೆ ಕರೆದು, "ಏನಮ್ಮ, ದೇವರ ವಾಕ್ಯಕ್ಕೆ ಏಳಲೂ ಸೋಮಾರಿತನವೇ?" ಎಂದೆ.

"ಬೆಳಿಗ್ಗೆ ಹನ್ನೊಂದರಿಂದ ನಿಂತೇ ಇದ್ದೆ, ಫಾದರ್" ಎಂದಳು.

ಬಿ.ಕಾಂ. ಎರಡನೇ ವರ್ಷ. ಕಾಲೇಜು ಶುಲ್ಕಕ್ಕೆಂದು ಒಂದು ಮಾಲಿನ ಫ್ಯಾಷನ್ ಬಟ್ಟೆಯಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ. ಶನಿವಾರ, ಭಾನುವಾರ, ಹಬ್ಬದ ದಿನಗಳು. ಯಾವಾಗ ಬರಬೇಕೆಂಬುದು ಹಿಂದಿನ ರಾತ್ರಿ ಮೊಬೈಲಿಗೆ ಬರುತ್ತದೆ. ಗಿರಾಕಿ ಕಡಿಮೆಯಾದರೆ ಎರಡು ಗಂಟೆಗೇ "ಹೋಗು" ಅನ್ನುತ್ತಾರೆ. ಉಳಿದ ಗಂಟೆಗಳಿಗೆ ಹಣವಿಲ್ಲ, ಬಸ್ಸಿನ ಖರ್ಚು ಮಾತ್ರ ಅಷ್ಟೇ. ಜನ ತುಂಬಿದರೆ ಕದ ಹಾಕುವವರೆಗೆ ನಿಲ್ಲಬೇಕು, ಆಮೇಲೆ ರಾಶಿಬಿದ್ದ ಬಟ್ಟೆ ಮಡಿಸಬೇಕು. ಹೊರಡುವಾಗ ಬ್ಯಾಗು ಬಿಚ್ಚಿ ತೋರಿಸಬೇಕು. ಇದನ್ನು ಹೇಳುವಾಗ ಮಾತ್ರ ಅವಳ ದನಿ ನಡುಗಿತು. ಹಬ್ಬ ಮುಗಿದರೆ ಕರೆಯೇ ಇಲ್ಲ. ಕೆಲಸ ಬಿಡಿಸಿದೆವು ಎನ್ನುವುದಿಲ್ಲ, ಬಾ ಎಂದೂ ಹೇಳುವುದಿಲ್ಲ. ಹೆಸರಿಗೆ ಅರ್ಧ ದಿನದ ದುಡಿಮೆ, ಕಾಯುವುದು ಇಡೀ ವಾರ.

ಮನೆಯಲ್ಲಿ ಅಪ್ಪ, "ಏಸಿಯಲ್ಲಿ ನಿಲ್ಲೋದಕ್ಕೇನು ಕಷ್ಟ?" ಅನ್ನುತ್ತಾರಂತೆ. ಅವರು ದಿನವಿಡೀ ಬಿಸಿಲಲ್ಲಿ ಆಟೋ ಓಡಿಸುವವರು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಗುರುಮಠದಲ್ಲಿ ನಾನು ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರವನ್ನು ಓದಿದ್ದೆ. ಮನುಷ್ಯನಿಗಾಗಿ ದುಡಿಮೆಯೇ ಹೊರತು ದುಡಿಮೆಗಾಗಿ ಮನುಷ್ಯನಲ್ಲ ಎಂಬುದು ಅದರ ತಿರುಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆದರೆ ನಿಂತು ನಿಂತು ಊದಿದ ಕಾಲು ಕಣ್ಣೆದುರಿಗಿದ್ದಾಗ ನನಗೆ ಕಂಡದ್ದು ಸೋಮಾರಿತನ!

ಆ ರಾತ್ರಿ ಮತ್ತಾಯನ ಶುಭಸಂದೇಶದ ದ್ರಾಕ್ಷಾತೋಟದ ಸಾಮತಿಯನ್ನು ಮತ್ತೆ ಓದಿದೆ. ಹೊತ್ತು ಮುಳುಗಲು ಒಂದೇ ಗಂಟೆ ಉಳಿದಿರುವಾಗ ಕೆಲಸಕ್ಕೆ ಸೇರಿದವರನ್ನು, ತಡವಾಗಿ ದೇವರ ಕಡೆ ತಿರುಗಿದವರೆಂದೇ ಇಷ್ಟು ವರ್ಷ ಬೋಧಿಸಿದ್ದೇನೆ. ಅದು ತಪ್ಪಲ್ಲ. ಆದರೆ ಅವರು ಪೇಟೆಯಲ್ಲಿ ಸುಮ್ಮನೆ ನಿಂತಿದ್ದೇಕೆ? ಕೂಲಿಗೆ ಯಾರೂ ಕರೆಯಲಿಲ್ಲ, ಅದಕ್ಕೆ. ಬೆಳಗಿನಿಂದ ದುಡಿದವರ ಬೆವರು ಎಲ್ಲರಿಗೂ ಕಾಣುತ್ತದೆ. ಬೆಳಗಿನಿಂದ ಕಾದವರ ದಣಿವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆ ಯಜಮಾನ ಐದು ಸಲ ತಾನೇ ಪೇಟೆಗೆ ಹೋದ. ಕೊನೆಗೆ ಕೊಟ್ಟದ್ದು ಒಂದು ಗಂಟೆಯ ಕೂಲಿಯನ್ನಲ್ಲ, ಒಂದು ದಿನದ ಕೂಲಿಯನ್ನು. ಗಂಟೆಗೆ ತಕ್ಕಂತೆ ಹಸಿವು ಕಡಿಮೆಯಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಕಾನೂನು ಏನೂ ಹೇಳಿಲ್ಲವೆಂದಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು, ಐದು ಗಂಟೆ ದುಡಿದ ಮೇಲೆ ಒಂದು ಗಂಟೆಯಾದರೂ ಬಿಡುವು ಕೊಡಬೇಕೆಂದು ವಿಧಿಸಿತು. ಪಾಳಿಯನ್ನೇ ಐದು ಗಂಟೆಗೆ ಕತ್ತರಿಸಿಬಿಟ್ಟರೆ ಆ ಬಿಡುವಿನ ಮಾತೇ ಬರುವುದಿಲ್ಲ, ನೋಡಿ. ಕಲ್ಲಿಕೋಟೆಯ ಮಿಠಾಯಿ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳವೂ 2021ರಲ್ಲಿ ತಮಿಳುನಾಡೂ ಅಂಗಡಿಯಲ್ಲಿ ದುಡಿಯುವವರಿಗೆ ಆಸನ ಕೊಡಬೇಕೆಂದು ಕಾನೂನು ತಿದ್ದಿದವು. ಒಂದು ಸ್ಟೂಲಿಗಾಗಿ ಶಾಸನಸಭೆಯವರೆಗೆ ಹೋಗಬೇಕಾಯಿತು!

ನಮ್ಮ ಧರ್ಮಕೇಂದ್ರದಲ್ಲೂ ಅಂಗಡಿಯ ಯಜಮಾನರಿದ್ದೀರಿ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬ ಮೋಶೆಯ ಕಟ್ಟಳೆ ನಿಮಗೆ ಗೊತ್ತಿದೆ. ನಾಳೆ ಕೆಲಸ ಇದೆಯೋ ಇಲ್ಲವೋ ಎಂಬುದನ್ನೂ ಹೊತ್ತು ಮುಳುಗುವ ಮುನ್ನ ಹೇಳಬಾರದೇ? ಉಳಿದ ನಾವು ಗಿರಾಕಿಗಳು. ಕದ ಹಾಕುವ ಹೊತ್ತಿಗೆ ಒಳನುಗ್ಗಿ, ಹತ್ತು ಉಡುಪು ಹಾಕಿ ನೋಡಿ, ತಿರುಗುಮುರುಗಾಗಿ ಬಿಸಾಡಿ ಬರುವವರು ನಾವೇ. ಹೋದ ಕ್ರಿಸ್ಮಸ್ಸಿಗೆ ಮುಂಚೆ ನಾನೂ ಆರು ಅಂಗಿ ಬಿಡಿಸಿ ಹಾಕಿ, ಒಂದನ್ನೂ ಕೊಳ್ಳದೆ ಬಂದೆ. ಮಡಿಸಿದವರ ಮುಖ ನನಗೆ ನೆನಪಿಲ್ಲ.

ಆ ಹುಡುಗಿಯಲ್ಲಿ ಕ್ಷಮೆ ಕೇಳಿದ್ದೇನೆ. ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗಾನವೃಂದದ ಅಭ್ಯಾಸವನ್ನು ಬುಧವಾರ ಸಂಜೆಗೆ ಬದಲಾಯಿಸಿದ್ದೇವೆ. ಅಜ್ಜಿಗೆ ವಿಷಯವನ್ನು ಅವಳೇ ಹೇಳಿದಳಂತೆ. ಕಳೆದ ಭಾನುವಾರ ಅಂಗಡಿಯಿಂದ ನೇರವಾಗಿ ಬಂದವಳಿಗೆ ಅಜ್ಜಿ ಸರಿದು ಜಾಗ ಮಾಡಿಕೊಟ್ಟರು. ಶುಭಸಂದೇಶಕ್ಕೆ ಏಳಹೊರಟಾಗ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.