ವಿಧಿ ಎನ್ನುವ ಮುನ್ನ



ಹುಣ್ಣಿಮೆಯ ದಿನಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳನ್ನು ನೀವು ಉಗರಗೋಳದಲ್ಲಿ ನೋಡಿರಬಹುದು. ಗುಡ್ಡ ಕಣ್ಣೆದುರಿಗೇ ಇರುತ್ತದೆ. ಅಲ್ಲಿಯೇ ಒಂದು ಚಕ್ಕಡಿಯ ಗಾಲಿ ಕಳಚಿತೆನ್ನಿ. “ಇಷ್ಟು ದೂರ ಬಂದು ಇಲ್ಲಿ ಹೀಗಾಯಿತಲ್ಲ, ಹಣೆಬರಹ!” ಎನ್ನುತ್ತೇವೆ. ಹೊರಡುವಾಗ ಗಾಲಿಯ ಕೀಲನ್ನು ಯಾರು ನೋಡಿದ್ದರು ಎಂದು ಕೇಳುತ್ತೇವೆಯೇ?

1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ವಾಯುಪಡೆಯ ಆವ್ರೋ ವಿಮಾನವೊಂದು ನೌಕಾಪಡೆಯ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರಿಗಾಗಿ ಬೆಂಗಳೂರಿನ ರಕ್ಷಣಾ ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದ ವಿಮಾನವದು. ಅದರ ಬೆನ್ನ ಮೇಲೆ ತಿರುಗುವ ದೊಡ್ಡ ತಟ್ಟೆಯಂಥ ಗುಮ್ಮಟವಿತ್ತು. ನೆಲ ಹತ್ತಿರವಾಗುತ್ತಿದ್ದಾಗ ಆ ಗುಮ್ಮಟ ಕಳಚಿತು, ವಿಮಾನ ಬಿತ್ತು. ನಾಲ್ವರು ವಿಜ್ಞಾನಿಗಳು, ವಾಯುಪಡೆಯ ನಾಲ್ವರು, ಒಟ್ಟು ಎಂಟು ಮಂದಿ ಮಡಿದರು.

ಇಂಥ ಸಾವಿನ ಮುಂದೆ “ದೇವರ ಚಿತ್ತ” ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಹಾಗೆಂದರೆ ಅದು ಪ್ರಾರ್ಥನೆ. ಕೀಲು ನೋಡಬೇಕಾದವನೇ ಹಾಗೆಂದರೆ ಅದು ಜಾರಿಕೊಳ್ಳುವ ದಾರಿ. ಮಾತು ಒಂದೇ, ಆಡುವವರ ಹೊಣೆ ಬೇರೆ. ಸತ್ತವರ ಮೇಲೆಯೇ ತಪ್ಪು ಹೊರಿಸುವುದು ಜಾರಿಕೊಳ್ಳುವ ಇನ್ನೊಂದು ದಾರಿ. ಅವರು ಎದ್ದುಬಂದು ಉತ್ತರ ಕೊಡಲಾರರಲ್ಲ!

ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತ ಸಂಗತಿ ಲೂಕನ ಶುಭಸಂದೇಶದಲ್ಲಿದೆ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರು ಎಂಬ ಎಣಿಕೆಯನ್ನು ಯೇಸುಸ್ವಾಮಿ ಒಪ್ಪಲಿಲ್ಲ. ಸತ್ತವರನ್ನು ಅಳೆಯುವುದು ಬಿಟ್ಟು, ಬದುಕಿರುವವರೇ ತಿರುಗಿಕೊಳ್ಳಬೇಕೆಂದರು.

ಅರಕ್ಕೋಣಂನ ದುರಂತದ ನಂತರ ಆ ಯೋಜನೆ ನಿಂತುಹೋಯಿತು. ಕೆಲವು ವರ್ಷಗಳ ಬಳಿಕ ಕೆಲಸ ಮತ್ತೆ ಶುರುವಾಯಿತು, ಆದರೆ ಹಳೆಯ ರೀತಿಯಲ್ಲಿ ಅಲ್ಲ. 2017ರಲ್ಲಿ ವಾಯುಪಡೆಯ ಕೈಸೇರಿದ ‘ನೇತ್ರ’ ಬ್ರೆಜಿಲ್ ದೇಶದ ಜೆಟ್ ವಿಮಾನ. ಅದರ ಬೆನ್ನ ಮೇಲೆ ತಿರುಗುವ ಗುಮ್ಮಟವಿಲ್ಲ, ರೇಡಾರಿನ ಆಂಟೆನಾ ಸ್ಥಿರವಾಗಿ ಕೂತಿದೆ. ಇದಕ್ಕಾಗಿ ಆ ಎಂಟು ಜನ ಸಾಯಬೇಕಿತ್ತೆಂದು ಯಾರೂ ಹೇಳದಿರಲಿ. ಯಾವ ಯಶಸ್ಸೂ ಒಂದು ಮನೆಯ ಖಾಲಿ ಜಾಗವನ್ನು ತುಂಬಲಾರದು. ಆದರೆ ಮಡಿದವರಿಗೆ ಹಾರ ಹಾಕಿ ಹಳೆಯ ದಾರಿಯಲ್ಲೇ ನಡೆದರೆ, ಅದು ಅವರಿಗೆ ಮಾಡುವ ಎರಡನೆಯ ಅನ್ಯಾಯ.

ನಮ್ಮ ಮನೆಗಳಲ್ಲೂ ಕೀಲುಗಳಿವೆ. ಬಾವಿಯ ಮೋಟಾರಿನ ಹರಿದ ವೈರು, ಬಿರುಕು ಬಿಟ್ಟ ಶಾಲೆಯ ಗೋಡೆ, ಮಕ್ಕಳನ್ನು ತುಂಬಿಕೊಂಡು ಹೋಗುವ ಟೆಂಪೋದ ಬ್ರೇಕು. ಇಂದು ಸಂಜೆಯ ಜಪಕ್ಕೆ ಕೂರುವ ಮೊದಲು ಅವುಗಳಲ್ಲಿ ಒಂದನ್ನಾದರೂ ನೋಡಿ ಬನ್ನಿ. ನಮ್ಮ ಕೈಯ ಕೆಲಸವನ್ನು ದೇವರ ಹೆಗಲಿಗೆ ಹಾಕುವುದು ಭಕ್ತಿಯಲ್ಲ.